ಅತ್ತೆಯ ಸಿಗಾರ್ ಪೆಟ್ಟಿಗೆ

ಮೊನ್ನೆ ಹೊಸ ಚಪ್ಪಲಿ ತಂದೆ. ಡಬ್ಬಿ ಬಿಚ್ಚುವಾಗ ಒಳಗಿನಿಂದ ಪುಟ್ಟದೊಂದು ಬಿಳಿ ಪೊಟ್ಟಣ ಜಾರಿ ಬಿತ್ತು. ತೇವ ಹೀರಲೆಂದು ಕಂಪನಿಯವರು ಇಟ್ಟಿರುತ್ತಾರಲ್ಲ, ಅದು. ತಿನ್ನಬಾರದು ಎಂದು ಅದರ ಮೇಲೆ ನಾಲ್ಕಾರು ಭಾಷೆಗಳಲ್ಲಿ ಬರೆದಿತ್ತು, ಚಪ್ಪಲಿ ಕೊಂಡವರೆಲ್ಲ ಮೊದಲು ಅದನ್ನೇ ಬಾಯಿಗೆ ಹಾಕಿಕೊಳ್ಳುತ್ತಾರೆ ಎಂಬಂತೆ. ಕಸದ ಬುಟ್ಟಿಗೆ ಹಾಕಲು ಹೋದವಳು ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತೆ. ನಿಮ್ಮ ಮನೆಯಲ್ಲಿ ಹೇಗೋ ಕಾಣೆ, ನಮ್ಮ ಮನೆಯವರು ಕೆಲವು ವರ್ಷಗಳ ಕಾಲ ಗಾಳಿಯಲ್ಲಿರುವ ತೇವವನ್ನು ಬಿಟ್ಟು ಬೇರೆ ವಿಷಯ ಮಾತಾಡಿದ್ದೇ ಕಡಿಮೆ. ಅದಕ್ಕೆ ಕಾರಣ ನಮ್ಮ ಸುಜಾತತ್ತೆ, ಅಪ್ಪನ ತಂಗಿ.

ಅತ್ತೆ ನರ್ಸಿಂಗ್ ಓದಿ ಮಸ್ಕತ್ತಿಗೆ ಹೋದವರು. ಅಲ್ಲಿ ಮನೆಗಳಲ್ಲಿದ್ದು ವಯಸ್ಸಾದವರನ್ನು ನೋಡಿಕೊಳ್ಳುವುದು ಅವರ ಕೆಲಸ. ಕೊನೆಯ ಕೆಲವು ವರ್ಷ ಅವರು ನೋಡಿಕೊಂಡದ್ದು ಹಡಗಿನ ಕ್ಯಾಪ್ಟನ್ ಆಗಿದ್ದ ಒಬ್ಬ ಮುದುಕರನ್ನು. ಆ ಮನುಷ್ಯ ತಿಂಗಳಿಗೊಮ್ಮೆ ಬಾಲ್ಕನಿಯಲ್ಲಿ ಕೂತು ಒಂದು ಸಿಗಾರ್ ಸೇದುತ್ತಿದ್ದರಂತೆ. ಒಬ್ಬರೇ ಸೇದುವುದು ಮರ್ಯಾದೆಯಲ್ಲ ಎಂದು ಅತ್ತೆಗೂ ಒಂದು ಕೊಡುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅವರ ಮಗಳು, ಉಳಿದಿದ್ದ ಸಿಗಾರುಗಳನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಅತ್ತೆಗೆ ಕೊಟ್ಟಳು. ಅತ್ತೆ ಕೆಲಸ ಬಿಟ್ಟು ಜಗಳೂರಿನ ನಮ್ಮ ಮನೆಗೆ ವಾಪಸ್ಸು ಬಂದಾಗ ನಮಗೆಲ್ಲ ಸೋಪು, ಖರ್ಜೂರ, ಟಾರ್ಚು ತಂದಿದ್ದರು. ತಮಗೆಂದು ತಂದುಕೊಂಡದ್ದು ಆ ಡಬ್ಬಿ ಒಂದೇ.

ಸಿಗಾರ್ ಎಂದರೆ ನಮ್ಮ ಕಡೆಯ ಚುಟ್ಟದ ದೂರದ ಶ್ರೀಮಂತ ನೆಂಟ. ಆದರೆ ಚುಟ್ಟದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಬಾಳುವ ಜಾತಿಯಲ್ಲ. ಗಾಳಿ ಒಣಗಿದ್ದರೆ ಎಲೆ ಬಿರಿದು ಪುಡಿಯಾಗುತ್ತದೆ. ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಎರಡರ ನಡುವಿನ ಹದದಲ್ಲೇ ಅದನ್ನು ಇಟ್ಟಿರಬೇಕು. ಜಗಳೂರಿನ ಗಾಳಿ ಎಂಥದೆಂದು ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಅಲ್ಲಿ ಬೆಳಿಗ್ಗೆ ಒಗೆದ ಸೀರೆ ಹಿಂಡಿ ಕೊಡವುವಷ್ಟರಲ್ಲಿ ಒಣಗಿರುತ್ತದೆ. ಅತ್ತೆ ಒಂದು ಸಿಗಾರನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದರು. ಹಪ್ಪಳ ಮುರಿದ ಸದ್ದು ಬಂತು. ಕೂಡಲೇ ಸ್ಟೀಲ್ ಡಬ್ಬಿಯೊಂದಕ್ಕೆ ಎಲ್ಲವನ್ನೂ ತುಂಬಿ, ತೇವಕ್ಕೆಂದು ಆಲೂಗಡ್ಡೆಯ ಒಂದು ಹೋಳು ಇಟ್ಟು, ಮುಚ್ಚಿ ಅಟ್ಟದ ಮೇಲಿಟ್ಟರು. ಕೆಲವು ದಿನಗಳಲ್ಲಿ ಆಲೂಗಡ್ಡೆ ಕೊಳೆತು ಮನೆಯೆಲ್ಲ ನಾರಿತು. ಅಪ್ಪ ಅಟ್ಟ ಹತ್ತಿ ಡಬ್ಬಿ ತೆಗೆದು ನೋಡಿದರು.

ಇಲ್ಲಿ ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟರಾಗಿದ್ದವರು. ಹುಡುಗರಿಗೆ ಕೀಸುಳಿ ಹಿಡಿಯಲು, ಹಲಗೆ ಜೋಡಿಸಲು ಕಲಿಸಿದವರು. ಮನೆಯಲ್ಲಿ ಬುದ್ಧನ ಪಟದ ಮುಂದೆ ದಿನಾ, ಅಮಲು ಮುಟ್ಟೆನೆಂಬುದೂ ಸೇರಿದ ಪಂಚಶೀಲ ಹೇಳುವವರು. ಅದನ್ನು ಹೇಳಿ ಮರೆಯುವವರಲ್ಲ. ತಂಬಾಕೆಂದರೆ ಅವರಿಗೆ ಬರೀ ಶೀಲದ ಪ್ರಶ್ನೆ ಆಗಿರಲಿಲ್ಲ. ನಮ್ಮ ಅಜ್ಜಿ, ಎಂದರೆ ಅವರ ತಾಯಿ, ಕೂಲಿಗೆ ಹೋಗುವಾಗ, ಬರುವಾಗ, ಕಳೆ ಕೀಳುವಾಗ ಚುಟ್ಟ ಸೇದಿದವಳು. ಕೊನೆಗೆ ಎದೆ ಕೆಟ್ಟು ಕೆಮ್ಮಿ ಕೆಮ್ಮಿ ಹೋದಳು. ಆಗ ಅವಳ ಬೆನ್ನು ನೀವುತ್ತ ಕೂತವರು ಅಪ್ಪ. ನರ್ಸಾಗಿದ್ದ ಮಗಳು ಮಣ್ಣಿಗೂ ಬರಲಿಲ್ಲ. ಅವತ್ತಿನಿಂದ ಅಪ್ಪ ತಂಗಿಯ ಜೊತೆ ಮಾತು ಬಿಟ್ಟಿದ್ದರು.

ಮಾತು ಬಿಡುವುದರಲ್ಲೂ ಅಪ್ಪನದು ಅಚ್ಚುಕಟ್ಟು. ಅತ್ತೆ ಎದುರಿಗೇ ಕೂತಿದ್ದರೂ ನನ್ನ ಕಡೆ ತಿರುಗಿ, ನಿಮ್ಮತ್ತೆಗೆ ಊಟಕ್ಕೆ ಏಳು ಅನ್ನು, ಎನ್ನುತ್ತಿದ್ದರು. ಅತ್ತೆಯೂ ನನ್ನ ಕಡೆಗೇ ನೋಡಿ, ಆಮೇಲೆ ಮಾಡ್ತೀನಿ ಅಂತ ಹೇಳು, ಎನ್ನುತ್ತಿದ್ದರು. ನಾನು ಚನ್ನಗಿರಿಯಲ್ಲಿ ಹೈಸ್ಕೂಲ್ ಟೀಚರ್. ಮಕ್ಕಳಿಗೆ ಎರಡು ದೇಶಗಳ ನಡುವಿನ ಒಪ್ಪಂದಗಳ ಪಾಠ ಮಾಡುತ್ತೇನೆ. ರಜೆಗೆ ತವರಿಗೆ ಹೋದರೆ ಅದರ ಪ್ರಾಯೋಗಿಕ ತರಗತಿ.

ಅಟ್ಟದಿಂದ ಡಬ್ಬಿ ಇಳಿಸಿದ ದಿನ ಮಾತ್ರ ಅಪ್ಪ ನನ್ನ ಮೂಲಕವೂ ಹೆಚ್ಚು ಹೇಳಲಿಲ್ಲ. ಈ ಮನೆಯಲ್ಲಿ ಅದು ಇರಬಾರದು ಅಂತ ಹೇಳು, ಅಂದರು ಅಷ್ಟೆ. ಅತ್ತೆ ಜಗಳವಾಡಲಿಲ್ಲ. ನ್ಯಾಮತಿಯಲ್ಲಿ ಅವರ ಜೊತೆ ಓದಿದ ಗೆಳತಿಯೊಬ್ಬರಿದ್ದರು. ಅವರ ಮನೆಯ ಮಹಡಿ ಖಾಲಿಯಿತ್ತು. ಅತ್ತೆ ಬಟ್ಟೆ ಚೀಲವನ್ನೂ ಡಬ್ಬಿಯನ್ನೂ ಹಿಡಿದು ಬಸ್ಸು ಹತ್ತಿದರು.

ನ್ಯಾಮತಿಯಲ್ಲಿ ಇನ್ನೊಂದು ತರದ ಕಾಟ. ಮಳೆಗಾಲ ಶುರುವಾದದ್ದೇ ಮಹಡಿಯ ಗೋಡೆಗಳು ಬೆವರಿದವು, ಸಿಗಾರುಗಳ ಮೇಲೆ ಬಿಳಿ ಬೂಷ್ಟು ಮೂಡಿತು. ಅತ್ತೆ ಒಂದೊಂದನ್ನೂ ಹತ್ತಿಯಿಂದ ಒರೆಸಿದರು, ಗಾಯ ಒರೆಸುವ ಹಾಗೆ. ಮೆಡಿಕಲ್ ಸ್ಟೋರಿನಿಂದ ಥರ್ಮಾಕೋಲಿನ ಪೆಟ್ಟಿಗೆ ತಂದು ಅದರಲ್ಲಿಟ್ಟರು. ಕ್ಯಾಪ್ಟನ್ ಮುದುಕರು ಹೇಳಿಕೊಟ್ಟಿದ್ದ ಉಪಾಯವೊಂದು ನೆನಪಾಗಿ, ಉಪ್ಪಿಗೆ ಒದ್ದೆ ಮರಳಿನಂತಾಗುವಷ್ಟು ನೀರು ಕಲಸಿ, ಬಟ್ಟಲಲ್ಲಿ ಹಾಕಿ ಮೂಲೆಯಲ್ಲಿಟ್ಟರು. ಆ ಉಪ್ಪು ಗಾಳಿ ಒದ್ದೆಯಾದರೆ ನೀರು ಹೀರುತ್ತದೆ, ಒಣಗಿದರೆ ಬಿಟ್ಟುಕೊಡುತ್ತದೆ. ಉಪಾಯ ಚೆನ್ನಾಗಿತ್ತು, ಪೆಟ್ಟಿಗೆ ಚೆನ್ನಾಗಿರಲಿಲ್ಲ. ಮುಚ್ಚಳದ ಸುತ್ತ ಗಾಳಿ ಆಡುತ್ತಿತ್ತು. ತಿಂಗಳಿಗೊಂದು ಸೇದುವಾಗ ಔಷಧಿ ಅಂಗಡಿಯನ್ನೇ ಸೇದಿದಂತಾಗುತ್ತದೆ ಎಂದು ಅತ್ತೆ ದೂರಿದರು. ನರ್ಸಾಗಿ ನೀವೇ ಸೇದುವುದು ಸರಿಯೇ ಎಂದು ನಾನೊಮ್ಮೆ ಕೇಳಿದ್ದೆ. ಸರಿಯಲ್ಲ, ಅಂದರು.

ಇದನ್ನೆಲ್ಲ ಜಗಳೂರಿನಲ್ಲಿ ಊಟಕ್ಕೆ ಕೂತಾಗ ನಗುತ್ತ ಹೇಳಿದೆ. ಅಪ್ಪ ನಗಲಿಲ್ಲ. ಥರ್ಮಾಕೋಲಿಗೆ ಎಲ್ಲಾದರೂ ಮುಚ್ಚಳ ಕೂರುತ್ತದೆಯೇ ಎಂದು ಗೊಣಗಿದರು. ಕೈ ತೊಳೆದು ಬಂದ ಮೇಲೆ ನನ್ನನ್ನು ಕರೆದು ಹೇಳಿದರು.

"ಎಷ್ಟುದ್ದ ಐತೆ ಅಂತ ನಿಮ್ಮತ್ತೇನ ಕೇಳವ್ವ. ಏನು ಅಂತ ನನ್ನ ಕೇಳಬ್ಯಾಡ."

ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ನೆಟ್ಟಗಿಲ್ಲದ ಮುಚ್ಚಳವೊಂದು ತಮ್ಮ ಮನೆತನದ ಒಬ್ಬರ ಹತ್ತಿರ ಇದೆ ಎಂಬುದು ಅವರಿಗೆ ಸಹಿಸಲಾಗಿರಲಿಲ್ಲ. ಇಷ್ಟೇ ಕಾರಣ ಎಂದು ನಾನು ಆಗ ತಿಳಿದಿದ್ದೆ.

ಅಪ್ಪ ತಾವೇ ಮಾಡಲು ಹೊರಟ ಪೆಟ್ಟಿಗೆಗೆ ಮರದ ಆಯ್ಕೆಯೇ ಒಂದು ರಾಮಾಯಣವಾಯಿತು. ತೇಗದ ತುಂಡೊಂದನ್ನು ಅಪ್ಪ ನನ್ನ ಕೈಲಿ ಕಳಿಸಿದರು. ಅತ್ತೆ ಮೂಸಿ, ಎಣ್ಣೆ ವಾಸನೆ, ಸಿಗಾರಿಗೆ ಹತ್ತುತ್ತದೆ, ಎಂದು ವಾಪಸ್ಸು ಕಳಿಸಿದರು. ಸೇಬಿನ ಪೆಟ್ಟಿಗೆಯ ಹಲಗೆಗೂ ಅದೇ ಗತಿ. ಕೊನೆಗೆ ಅಪ್ಪ ಹೊನ್ನಾಳಿಯ ಮರದ ಮಿಲ್ಲಿಗೆ ಹೋಗಿ, ಕೆಂಪಗಿನ, ಹಗುರವಾದ, ಹೆಸರು ಮಿಲ್ಲಿನವನಿಗೂ ಸರಿಯಾಗಿ ಗೊತ್ತಿಲ್ಲದ ಹಲಗೆಗಳನ್ನು ಮೂಸಿ ಮೂಸಿ ಆರಿಸಿ ತಂದರು. ತಂಬಾಕಿನ ಅಂಗಡಿ ಮುಂದೆ ಮೂಗು ಮುಚ್ಚಿಕೊಂಡು ನಡೆಯುವ ಮನುಷ್ಯ ತಂಬಾಕಿಗೆ ಹೊಂದುವ ಪರಿಮಳ ಹುಡುಕುತ್ತಿದ್ದರು. ಮೊಳೆ ಹೊಡೆಯಲಿಲ್ಲ. ಮೂಲೆಗಳನ್ನು ಬೆರಳಿಗೆ ಬೆರಳು ಹೆಣೆದ ಹಾಗೆ ಕಚ್ಚು ಹಾಕಿ ಕೂರಿಸಿದರು. ಒಳಗೆ ಬಣ್ಣ, ಪಾಲಿಷ್ ಯಾವುದೂ ಇಲ್ಲ. ಉಪ್ಪಿನ ಬಟ್ಟಲಿಗೆ ಬೇರೆ ಮನೆ, ಸಿಗಾರಿಗೆ ಬೇರೆ ಮನೆ, ನಡುವೆ ತೂತುಗಳಿದ್ದ ತೆಳು ಹಲಗೆ. ಮುಚ್ಚಳದ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಎಳೆದರು. ಕಾಗದ ಹರಿಯಿತೇ ಹೊರತು ಜಾರಲಿಲ್ಲ. ಆಗ ಅವರ ಮುಖ ನೋಡಬೇಕಿತ್ತು.

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಳೂರಿನಿಂದ ದಾವಣಗೆರೆ, ಹೊನ್ನಾಳಿ ದಾಟಿ ನ್ಯಾಮತಿಗೆ ಬಸ್ಸಿನಲ್ಲಿ ಹೋದವಳು ನಾನು. ಪಕ್ಕದಲ್ಲಿ ಕೂತಿದ್ದ ಹೆಂಗಸು ಹಾರ್ಮೋನಿಯಮ್ಮಾ ಎಂದು ಕೇಳಿದಳು. ಹೂಂ ಅಂದೆ. ಹಾಡು ಕೇಳಿದರೆ ಏನು ಮಾಡುವುದೆಂದು ಹೊನ್ನಾಳಿಯವರೆಗೂ ಹೆದರಿ, ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂತಿದ್ದೆ.

ಜಗಳೂರಿನ ಒಣ ಗಾಳಿಯಲ್ಲಿ ಹದವಾಗಿ ಕೂತಿದ್ದ ಮುಚ್ಚಳ ನ್ಯಾಮತಿಯ ಮಳೆಗೆ ಉಬ್ಬಿತು. ಎಳೆದಾಡದೆ ತೆಗೆಯಲು ಬರುತ್ತಿರಲಿಲ್ಲ. ಅತ್ತೆ ನನಗೆ ಫೋನ್ ಮಾಡಿದರು. ನಾನು ಅಪ್ಪನಿಗೆ ಮಾಡಿದೆ. ಯಾವ ಕಡೆ ಹಿಡಿಯುತ್ತಿದೆ ಎಂದು ಅಪ್ಪ ಕೇಳಿದರು. ಮತ್ತೆ ಅತ್ತೆಗೆ ಮಾಡಿದೆ. ಕೀಲಿನ ಕಡೆಯೋ ಚಿಲಕದ ಕಡೆಯೋ ಎಂಬಲ್ಲಿ ನಾನು ತಪ್ಪಾಗಿ ಹೇಳಿ, ಅಪ್ಪ ತಪ್ಪಾದ ಅಂಚನ್ನು ಉಜ್ಜಲು ಹೇಳುವವರಿದ್ದರು. ಅಷ್ಟರಲ್ಲಿ ಅವರಿಗೆ ಅನುಮಾನ ಬಂತು. ನನ್ನ ಫೋನ್ ಕತ್ತರಿಸಿ ತಾವೇ ತಂಗಿಗೆ ಹಚ್ಚಿದರು. ಅಷ್ಟು ವರ್ಷಗಳ ನಂತರ ಅಣ್ಣನ ಬಾಯಿಂದ ಬಂದ ಮೊದಲ ಮಾತನ್ನು ಅತ್ತೆ ಆಮೇಲೆ ನನಗೆ ಹೇಳಿದರು.

"ಚಿಲಕದ ಕಡೀಗೆ ಹಿಡಿತೈತಾ, ಸುಜಾತ?"

ಸ್ಯಾಂಡ್ ಪೇಪರ್ ತಂದು ಅಣ್ಣ ಹೇಳಿದ ಹಾಗೆ ತಂಗಿ ಉಜ್ಜಿದರು. ಮುಚ್ಚಳ ಕೂತಿತು. ಅಲ್ಲಿಂದ ವಾರಕ್ಕೊಂದು ಫೋನ್. ಅತ್ತೆ ಪೆಟ್ಟಿಗೆಯೊಳಗೆ ತೇವ ತೋರಿಸುವ ಗಡಿಯಾರದಂಥ ಸಾಮಾನೊಂದನ್ನು ತಂದಿಟ್ಟಿದ್ದರು. ಮುಳ್ಳು ಎಲ್ಲಿದೆ, ಉಪ್ಪು ಹೇಗಿದೆ, ಅಲ್ಲಿ ಮಳೆಯೇ, ಇಲ್ಲಿ ಬಿಸಿಲೇ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಸಿಗಾರ್ ಎಂಬ ಶಬ್ದ ಇಬ್ಬರೂ ಎತ್ತುತ್ತಿರಲಿಲ್ಲ. ಅಜ್ಜಿಯ ವಿಷಯವನ್ನಂತೂ ಎತ್ತುತ್ತಲೇ ಇರಲಿಲ್ಲ. ನನಗೆ ಸಂದೇಶವಾಹಕಳ ಕೆಲಸ ಹೋಯಿತು. ಸಂತೋಷಪಡಬೇಕಾದವಳು ಸ್ವಲ್ಪ ಪೆಚ್ಚಾದೆ ಎಂಬುದು ನಿಜ.

ಹೀಗೇ ನಡೆದು, ಒಂದು ದಿನ ಸಿಗಾರುಗಳು ಮುಗಿದವು. ಕೊನೆಯದನ್ನು ಸೇದಿ ಪೆಟ್ಟಿಗೆ ಒರೆಸಿಟ್ಟೆ ಎಂದು ಅತ್ತೆ ಅಣ್ಣನಿಗೆ ಹೇಳಿದರು. ಒಳ್ಳೇದಾಯ್ತು ಬಿಡು, ಅಂದರಂತೆ ಅಪ್ಪ. ಮುಂದಿನ ವಾರ ಯಾರೂ ಫೋನ್ ಮಾಡಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕೇಳಲು ಮುಳ್ಳಿರಲಿಲ್ಲ, ಹೇಳಲು ಉಪ್ಪಿರಲಿಲ್ಲ. ಅಪ್ಪ ಫೋನನ್ನು ಅಂಗಿಯ ಜೇಬಿನಿಂದ ತೆಗೆದು ನೋಡಿ ಮತ್ತೆ ಇಡುತ್ತಾರೆ ಎಂದು ಅಮ್ಮ ನನಗೆ ಹೇಳಿದಳು.

ದಸರಾ ರಜೆಗೆ ನಾನು ಹೋದಾಗ ಅಪ್ಪ ನನ್ನನ್ನು ಹಿತ್ತಲಿಗೆ ಕರೆದು, ಅಂಥದ್ದೇ ಒಂದು ದಾವಣಗೆರೆಯಲ್ಲಿ ಸಿಗುತ್ತದೆಯೇ ಎಂದು ಕೇಳಿದರು. ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಒಂದೇ ಸಾಕು, ಅಂದರು. ಅಂಗಡಿಯವನು ಯಾರಿಗೆ ಮೇಡಂ ಎಂದು ಕೇಳಿದಾಗ, ನಮ್ಮಪ್ಪ ಅವರ ತಂಗಿಗೆ ಕೊಡಲು, ಎಂದು ನಿಜವನ್ನೇ ಹೇಳಿದೆ. ಅವನು ನಂಬಲಿಲ್ಲ.

ನಾನೂ ಅಪ್ಪನೂ ನ್ಯಾಮತಿಗೆ ಹೋದೆವು. ಆ ಮನೆಯ ಮೆಟ್ಟಿಲನ್ನು ಅಪ್ಪ ಹತ್ತಿದ್ದು ಅದೇ ಮೊದಲು. ಅತ್ತೆ ನೀರು ಕೊಟ್ಟರು. ಅಪ್ಪ ಮೊದಲು ಪೆಟ್ಟಿಗೆಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ, ಆಮೇಲೆ ಚೀಲದಿಂದ ಪೊಟ್ಟಣ ತೆಗೆದು ಟೇಬಲ್ಲಿನ ಮೇಲಿಟ್ಟರು. ಅತ್ತೆ ಬಿಚ್ಚಿ ನೋಡಿ, ಅಣ್ಣನ ಮುಖವನ್ನೇ ನೋಡಿದರು.

"ನಿನಗೆ ಇದು ಆಗಲ್ಲ ಅಲ್ವಾ ಅಣ್ಣ?"

"ಆಗಲ್ಲ. ಅವ್ವ ಕೆಮ್ಮಿದ್ದು ಕೇಳಿದೋನು ನಾನು. ನೀನು ಕೇಳಲಿಲ್ಲ."

ಕೆಳಗೆ ಬೈಕೊಂದು ಸ್ಟಾರ್ಟ್ ಆಗದೆ ಗೊರಗೊರ ಅನ್ನುತ್ತಿತ್ತು. ಅದು ಹೋದ ಮೇಲೆ ಅತ್ತೆ ಹೇಳಿದರು.

"ಆಗ ನಾನು ಬ್ಯಾರೆ ಮನೇಲಿದ್ದೆ ಅಣ್ಣ. ಪಾಸ್‌ಪೋರ್ಟು ಆ ಮನೆಯವರ ಹತ್ರ ಇತ್ತು. ಕೇಳಿದೆ, ಅತ್ತು ಕರೆದೆ, ಕಾಲು ಹಿಡಿದೆ. ಕೊಡಲಿಲ್ಲ."

"ನನಗೆ ಹೇಳಬಾರದಿತ್ತಾ?"

"ಹೇಳಾಕೆ ಫೋನ್ ಮಾಡಿದ್ದೆ. ಇನ್ನು ಮಾಡಬ್ಯಾಡ ಅಂತ ಇಟ್ಟುಬಿಟ್ಟೆ ನೀನು."

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ನಾನು ಟೀ ಮಾಡುವ ನೆಪದಲ್ಲಿ ಒಳಗೆ ಹೋದೆ. ಸಕ್ಕರೆ ಎಲ್ಲಿದೆ ಎಂದು ಕೇಳುವ ಧೈರ್ಯವಾಗದೆ ಸಪ್ಪೆ ಟೀಯನ್ನೇ ತಂದುಕೊಟ್ಟೆ. ಇಬ್ಬರೂ ಕುಡಿದರು. ಸಕ್ಕರೆಯಿಲ್ಲ ಎಂದು ಯಾರೂ ಹೇಳಲಿಲ್ಲ.

ಅತ್ತೆ ಉಪ್ಪು ತಂದು ಬಟ್ಟಲಲ್ಲಿ ಕಲಸತೊಡಗಿದರು. ಅಪ್ಪ, ಸೇದುವುದನ್ನು ಬಿಡಲು ಆಗುವುದಿಲ್ಲವೇ ಎಂದು ಮೆಲ್ಲಗೆ ಕೇಳಿದರು.

"ಬಿಟ್ಟಾಯ್ತಣ್ಣ. ಕ್ಯಾಪ್ಟನ್ನರ ಮನೇಲಿ ಕೊಟ್ಟಿದ್ದು ಮುಗೀತು, ನಂದೂ ಮುಗೀತು."

"ಮತ್ತೆ ಇದು?"

"ಇದು ಇಡಾಕೆ," ಅಂದರು ಅತ್ತೆ. ಬಟ್ಟಲನ್ನು ಅದರ ಮನೆಯಲ್ಲಿಟ್ಟು, ಆ ಒಂದೇ ಒಂದು ಸಿಗಾರನ್ನು ಪಕ್ಕದ ಮನೆಯಲ್ಲಿ ಮಲಗಿಸಿ, ಮುಚ್ಚಳ ಹಾಕಿದರು.

ಇದಾಗಿ ಕೆಲವು ವರ್ಷಗಳಾದವು. ಆ ಸಿಗಾರ್ ಇನ್ನೂ ಅಲ್ಲೇ ಇದೆ, ಹದವಾಗಿದೆ ಎಂದು ಕೇಳಿದ್ದೇನೆ. ಮೊನ್ನೆ ಚಪ್ಪಲಿಯ ಡಬ್ಬಿ ಎತ್ತಿಟ್ಟ ಮೇಲೆ, ಯಾಕೋ ಮಾತಾಡಬೇಕೆನ್ನಿಸಿ ಅಪ್ಪನಿಗೆ ಫೋನ್ ಮಾಡಿದೆ. ಲೈನ್ ಬಿಜಿ. ಸರಿ, ಅತ್ತೆಗೆ ಮಾಡೋಣವೆಂದು ನ್ಯಾಮತಿಗೆ ಹಚ್ಚಿದೆ. ಅದೂ ಬಿಜಿ. ಅರ್ಧ ಗಂಟೆ ಬಿಟ್ಟು ಎರಡನ್ನೂ ಮತ್ತೆ ನೋಡಿದೆ. ಎರಡೂ ಬಿಜಿ. ಮೊದಲಾದರೆ ನನಗೆ ಸಿಟ್ಟು ಬರುತ್ತಿತ್ತು. ಫೋನ್ ಪಕ್ಕಕ್ಕಿಟ್ಟು, ಕಿಟಕಿ ತೆರೆದು, ಚನ್ನಗಿರಿಯಲ್ಲಿ ಮಳೆ ಬರುವ ಹಾಗಿದೆಯೇ ಎಂದು ನೋಡುತ್ತ ಕೂತೆ. ಅವರಲ್ಲೊಬ್ಬರು ಬಿಡುವಾಗಿ ವಾಪಸ್ಸು ಮಾಡಿದರೆ ಮೊದಲು ಕೇಳುವುದು ಅದನ್ನೇ.