ಮಂಡ್ಯವೋ, ಮದ್ದೂರೋ, ಮಳವಳ್ಳಿಯೋ

ಪೆಟ್ರೋಲು ಸಿಗದ ಯುದ್ಧಕಾಲ. ಮದ್ದೂರಿನಲ್ಲಿ ಮಳವಳ್ಳಿಗೆ ಹೋಗುವ ಇದ್ದಿಲು ಬಸ್ಸಿನ ಒಲೆ ಹೊತ್ತಿಕೊಳ್ಳಲು ನಲವತ್ತು ನಿಮಿಷ ಹಿಡಿಯಿತು. ಮದರಾಸಿಗೆ ಬಾಂಬು ಬೀಳುತ್ತದೆಂದು ಹೆಂಡತಿ, ಮಕ್ಕಳು, ಟ್ರಂಕುಗಳೊಡನೆ ಹೊರಟುಬಂದ ಕನ್ನಡದ ಗುಮಾಸ್ತರೊಬ್ಬರು, ಈ ಸೀಮೆಯಲ್ಲಿ ಎಲ್ಲಿ ಮನೆ ಹಿಡಿದರೆ ಕ್ಷೇಮವೆಂದು ನನ್ನನ್ನು ಕೇಳಿದರು. ನಾನು ಕ್ರಮವಾಗಿ ವಿವರಿಸಿದೆ. ಮಂಡ್ಯಕ್ಕೆ ಕಾರ್ಖಾನೆಯ ಚಿಮಣಿಯಿದೆ, ಮದ್ದೂರಿಗೆ ರೈಲು ಸೇತುವೆಯಿದೆ, ಎರಡೂ ವಿಮಾನಕ್ಕೆ ಚೆನ್ನಾಗಿ ಕಾಣುತ್ತವೆ. ನನ್ನ ಮಾತು ಮಳವಳ್ಳಿಗೆ ಬರುವಷ್ಟರಲ್ಲಿ, ಪಕ್ಕದಲ್ಲಿ ಗಂಟು ಹಿಡಿದು ನಿಂತಿದ್ದ ಮುದುಕಿ ತಡೆದಳು.

“ಇಮಾನದ ಮಾತು ಬುಡಿ ಸ್ವಾಮಿ. ಮೂರೂರ್ಗೂ ಒಬ್ಬೊಬ್ಬ ಮಗ್ಳ ಕೊಟ್ಟಿವ್ನಿ. ಮಂಡ್ಯದೋಳು ನಾಲೆ ನೀರು ಬುಟ್ಟಾಗೆಲ್ಲ ಚಳಿಜರ ಅಂತ ಬತ್ತಾಳೆ. ಮದ್ದೂರೋಳು ಅತ್ತೆ ಕಾಟ ಅಂತ ವಾರ್ವಾರ ಬತ್ತಾಳೆ.” ಆಮೇಲೆ ಗುಮಾಸ್ತರ ಹೆಂಡತಿಯ ಕಡೆ ತಿರುಗಿದಳು. “ಮಳವಳ್ಳಿಯೋಳು ಮೂರು ವರ್ಸದಿಂದ ಬಂದೇ ಇಲ್ಲ ಕಣವ್ವ. ಅಷ್ಟು ಸುಕ.”

ಆಕೆ ಗಂಡನನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಮಕ್ಕಳನ್ನು ಎತ್ತಿಕೊಂಡು ಮಳವಳ್ಳಿ ಬಸ್ಸು ಹತ್ತಿದರು. ಗುಮಾಸ್ತರು ಟ್ರಂಕು ಹೊತ್ತು ಹಿಂದೆ ನಡೆದರು. ಬಸ್ಸು ಗುಡುಗಿ ಅಲ್ಲಾಡಿತು. ಮುದುಕಿ ಕೆಳಗೇ ನಿಂತು ಕಿಟಕಿಯಿಂದ ತನ್ನ ಗಂಟನ್ನು ಆಕೆಯ ಮಡಿಲಿಗೆ ಹಾಕಿದಳು.

“ಪೇಟೆ ಬೀದಿ ಸಿದ್ದಮ್ಮ ಅಂದ್ರೆ ತೋರುಸ್ತಾರೆ, ನನ್ ಮಗ್ಳಿಗೆ ಕೊಟ್ಬುಡವ್ವ. ಒಸಿ ಜರ ಅಂತ ಸುಳ್ಳೇಳ್ಕೊಂಡಾದ್ರೂ ಒಂದ್ಸಲ ಬಾ ಅನ್ನು.”