ಹದಿನಾರು ಕೋಣೆಗಳ ಅಕ್ಕ

ವ್ಯಾಪಾರದ ಮೇಲೆ ಊರೂರು ಹಾರುವವರಿಗೆಂದೇ ಕಟ್ಟಿದ ದೊಡ್ಡ ಹೋಟೆಲು ಲೋಕದ ಯಾವ ಮೂಲೆಯಲ್ಲಿದ್ದರೂ, ಅಲ್ಲಿ ಕೋಣೆ ಶುಚಿಮಾಡುವ ಈ ಅಕ್ಕ ಇದ್ದೇ ಇರುತ್ತಾಳೆ. ಪಾಳಿಗೆ ಹದಿನಾರು ಕೋಣೆ. ಮೂರು ಸಲ ಬಾಗಿಲು ತಟ್ಟಿಯೇ ಒಳಗೆ ಕಾಲಿಡುತ್ತಾಳೆ. ಗಿರಾಕಿಯ ಮುಖ ಕಾಣದೆಯೂ ಅವನ ಜಾತಕ ಹೇಳಬಲ್ಲಳು: ನಾಲ್ಕೂ ದಿಂಬು ನೆಲದಲ್ಲಿದ್ದರೆ ಒಪ್ಪಂದ ಮುರಿದಿದೆ, ಇಸ್ತ್ರಿ ಪೆಟ್ಟಿಗೆ ಇನ್ನೂ ಬಿಸಿಯಿದ್ದರೆ ಆಸಾಮಿ ಕೆಲಸಕ್ಕೆ ಹೊಸಬ. ಚಾದರದ ಅಂಚನ್ನು ಇರುವೆ ನುಗ್ಗದಷ್ಟು ಬಿಗಿಯಾಗಿ ಮಡಚುತ್ತಾಳೆ. ರೂಢಿಬಿದ್ದ ಕೈ ಕೇಳದೆ ಮನೆಯಲ್ಲಿ ಅತ್ತೆಯ ಹಾಸಿಗೆಯ ಚಾದರವನ್ನೂ ಹಾಗೇ ಮಡಚಿದಾಗ ಅವರು, "ನನ್ನನ್ನೇನು ಲಕೋಟೆಗೆ ಹಾಕಿ ಅಂಚೆಗೆ ಕಳಿಸ್ತೀಯೇನೇ?" ಅಂದರಂತೆ. ಅವಳ ಮಂಡಿ ಸವೆದಿದೆ, ಗಂಟೆಗೊಮ್ಮೆ ಕೂರಬೇಕೆಂದು ವೈದ್ಯರು ಹೇಳಿದ್ದಾರೆ. ಆದರೆ ಗಿರಾಕಿಯ ಕೋಣೆಯಲ್ಲಿ ಕೂತವರು ಮರುದಿನ ಕೆಲಸಕ್ಕೆ ಬರಬೇಕಿಲ್ಲ ಎಂಬುದು ಹೋಟೆಲಿನ ಕಟ್ಟಪ್ಪಣೆ. ಮೆತ್ತನೆಯ ಕುರ್ಚಿಗಳ ನಡುವೆ ಒಬ್ಬಳನ್ನು ಎಂಟು ತಾಸು ನಿಲ್ಲಿಸುವ ಈ ಸೌಜನ್ಯಕ್ಕೆ ಐದು ನಕ್ಷತ್ರ ಕೊಟ್ಟವರು ಯಾವ ಪುಣ್ಯಾತ್ಮರೋ ನಾನರಿಯೆ. ಸಭೆಯೊಂದಕ್ಕೆ ಹೋಗಿ ಅಂಥದೊಂದು ಹೋಟೆಲಿನಲ್ಲಿ ನಾನು ಉಳಿದಿದ್ದಾಗ, ನನ್ನ ಕೋಣೆಯಲ್ಲಿ ಮಂಚ ಹಿಡಿದು ಮೇಲೇಳುತ್ತಿದ್ದ ಅವಳಿಗೆ ಕುರ್ಚಿ ಎಳೆದು, "ಹೊರಗೆ ಯಾರೂ ಇಲ್ಲ ಅಕ್ಕಾ, ಎರಡು ನಿಮಿಷ ಕೂತ್ಕೊಳ್ಳಿ" ಅಂದೆ. ಅವಳು ಕುರ್ಚಿಯನ್ನೂ ತೆರೆದ ಬಾಗಿಲನ್ನೂ ನೋಡಿದಳು. "ಹೋಟೆಲಿನವರ ಭಯ ಹಾಗಿರಲಿ ಸರ್. ಒಂದ್ಸಲ ಕೂತ್ರೆ ನನಗೆ ಮತ್ತೆ ಏಳೋಕಾಗಲ್ಲ, ಇನ್ನೂ ಒಂಬತ್ತು ಕೋಣೆ ಇದೆ" ಎಂದು, ತಾನು ಕೂರದ ಆ ಕುರ್ಚಿಯ ಮೆತ್ತೆಯನ್ನೂ ತಟ್ಟಿ ಸರಿಮಾಡಿ, ಪಕ್ಕದ ಬಾಗಿಲನ್ನು ಮೂರು ಸಲ ತಟ್ಟಿದಳು.