ಅವ್ವ ಯಂತ್ರಕ್ಕೆ ಬೆಳಗಿದ ಆರತಿ

ಹರಿಹರದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನನ್ನ ಸೊಸೆ ಇವತ್ತು ಬೆಳಿಗ್ಗೆ, "ಅತ್ತೆ, ಫ್ಯಾಕ್ಟ್ರಿಗೆ ತಾನೇ ಹೊಲಿಯೋ ಮಷಿನ್ ಬಂದೈತೆ, ಪೂಜೆಗೆ ಆರತಿ ತಟ್ಟೆ ಕೊಡ್ರಿ" ಎಂದಳು. ತಟ್ಟೆಗೆ ಕರ್ಪೂರ ಇಡುವಾಗ ಅದರ ವಾಸನೆಗೆ ನನ್ನ ಬಾಲ್ಯದ ಮಂಡಿಪೇಟೆ ಕಣ್ಮುಂದೆ ಬಂತು.

ಅವ್ವ ಅಲ್ಲಿ ಸಾವುಕಾರರೊಬ್ಬರ ಮಂಡಿಯಲ್ಲಿ ಕೂಲಿಗೆ ಶೇಂಗಾ ಕೇರುತ್ತಿದ್ದಳು. ಮೊರ ಹಿಡಿದು ಅವಳ ಅಂಗೈ ಗಡುಸಾಗಿತ್ತು. ಶೇಂಗಾ ಹಸನು ಮಾಡುವ ಯಂತ್ರ ಬಂದ ದಿನ ಸಾವುಕಾರರು ಅದಕ್ಕೆ ಆರತಿ ಬೆಳಗಲು ಕೇರುವ ಹೆಂಗಸರನ್ನೇ ಕರೆದರು.

ಅವ್ವ ಬೆಳಗಿ, "ನಾಳಿಂದ ಈ ಕೈಗೆ ಏನ್ ಕೆಲ್ಸ ಕೊಡ್ತೀರಿ, ಸಾವ್ಕಾರ್ರೇ?" ಎಂದಳು.

ಅವರು ಹೆಂಡತಿಯತ್ತ ತಿರುಗಿ, "ಇವ್ರಿಗೆ ಉಡಿ ತುಂಬಿ ಕಳ್ಸು" ಎಂದರು.

"ನಿನ್ನ ಕೆಲ್ಸ ಉಳಿತೈತೇನೆ?" ಎಂದು ಸೊಸೆಯನ್ನು ಕೇಳಿದೆ.

"ಗೊತ್ತಿಲ್ರಿ. ಆರತಿಗೆ ಹೋಗ್ಲಿಲ್ಲಾಂದ್ರೆ ಇವತ್ತೇ ಹೋಗ್ತೈತೆ."

ತಟ್ಟೆ ಕೊಟ್ಟೆ. ಯಾರಿಗೂ ಕೇಡು ಬಯಸದ ನಾನು, ಆ ಯಂತ್ರ ಕೆಟ್ಟು ನಿಲ್ಲಲಿ ಎಂದು ದೇವರಿಗೆ ಕೈಮುಗಿದೆ.